ಇದು ಎಲ್ಲಾ ಗಾಡಿಲೂ ಬರುತ್ತೆ ಸಾರ್

ಇಪ್ಪತ್ತು ವರ್ಷ ದಾಟಿದ ಕಾರಿನ ನೋಂದಣಿ ಮುಂದುವರಿಸೋಕೆ 10,000 ರೂಪಾಯಿ ಕಟ್ಟಬೇಕು ಅಂತ 2025ರ ಆಗಸ್ಟ್‌ನಲ್ಲಿ ಕೇಂದ್ರದವರು ಆದೇಶ ಮಾಡಿದರಲ್ಲ, ಅದಕ್ಕೆ ನಮ್ಮ ದಾವಣಗೆರೆಯ ಗ್ಯಾರೇಜುಗಳಲ್ಲಿ ಇನ್ನೂ ಬೈಗುಳ ನಿಂತಿಲ್ಲ. ನನ್ನ ಬೆಂಬಲ ಮಾತ್ರ ಆದೇಶಕ್ಕೆ. ತಕರಾರು ಅಂತ ಇದ್ದರೆ ಒಂದೇ. ರೇಟು ಕಮ್ಮಿ ಆಯಿತು.

2022ರ ಏಪ್ರಿಲ್‌ಗಿಂತ ಮುಂಚೆ ಇದೇ ಕೆಲಸ 600 ರೂಪಾಯಿಗೆ ಆಗುತ್ತಿತ್ತು. ಆಮೇಲೆ 5,000 ಮಾಡಿದರು. ಆದರೂ ಜನ ಹಳೇ ಕಾರು ಬಿಡಲಿಲ್ಲ. ಇಪ್ಪತ್ತು ವರ್ಷ ಓಡಿ, ಇನ್ನೂ ಓಡ್ತೀನಿ ಅನ್ನುವ ಕಾರು ದೇಶಕ್ಕೆ ಎಷ್ಟು ದೊಡ್ಡ ಅಪಾಯ ಗೊತ್ತಾ? ಅದರ ಓನರ್ ಶೋರೂಮಿನ ಕಡೆ ತಲೆ ಹಾಕಲ್ಲ. ಸಾಲ ಕೇಳಲ್ಲ. ಎಕ್ಸ್‌ಟೆಂಡೆಡ್ ವಾರಂಟಿ ಅಂದರೆ ಏನು ಅಂತಲೇ ಅವನಿಗೆ ಗೊತ್ತಿಲ್ಲ. ಇಂಥವನನ್ನು ಸುಮ್ನೆ ಬಿಡೋಕಾಗುತ್ತಾ?

ಕೆಟ್ಟ ಕಾರುಗಳು ಎಷ್ಟು ಸಂಭಾವಿತ ನೋಡಿ. ನಾಲ್ಕನೇ ವರ್ಷಕ್ಕೆ ಗೇರ್‌ಬಾಕ್ಸ್ ಕೈಕೊಡುತ್ತದೆ, ಆರನೇ ವರ್ಷಕ್ಕೆ ಮನೆ ಮುಂದೆ ಟಾರ್ಪಾಲ್ ಹೊದ್ದು ಮಲಗುತ್ತವೆ. ಇಪ್ಪತ್ತರ ಗಡಿಯ ಹತ್ತಿರಕ್ಕೂ ಬರಲ್ಲ. ಹಾಗಾಗಿ ಅವಕ್ಕೆ ಶುಲ್ಕ ಇಲ್ಲ, ವಿಚಾರಣೆ ಇಲ್ಲ. ಹಾರ ಹಾಕಿಸಿಕೊಂಡು, ನಿಂಬೆಹಣ್ಣು ತುಳಿದು ಬಂದವು, ಮರ್ಯಾದೆಯಾಗಿ ಗುಜರಿಗೆ ಹೋದವು. ಸಿಕ್ಕಿಬೀಳುವುದು ಯಾರು? ಕೈಕೊಡದೆ ದುಡಿದವು.

ಇದು ಯಾರಿಗೂ ವಿಚಿತ್ರ ಅನಿಸದೇ ಇರುವುದಕ್ಕೆ ಕಾರಣ ನಮ್ಮ ಊರಲ್ಲೇ ಇದೆ. ಸಂಜೆ ಮಂಡಕ್ಕಿ-ಮಿರ್ಚಿ ಅಂಗಡಿ ಮುಂದೆ ಒಂದು ಗಂಟೆ ನಿಲ್ಲಿ. ಒಳ್ಳೇ ಕಾರಿದ್ದವನು ಬಾಯೇ ಬಿಡಲ್ಲ. ಏನು ಹೇಳ್ತಾನೆ ಪಾಪ, "ಕೀ ತಿರುಗಿಸಿದೆ, ಸ್ಟಾರ್ಟ್ ಆಯ್ತು" ಅಂತಲಾ? ದರಿದ್ರ ಕಾರು ಸಾಕಿದವನದೇ ದರ್ಬಾರು. ಒಬ್ಬರು ತಮ್ಮ ತಂದೆ ಕಾಲದ ಸ್ಟ್ಯಾಂಡರ್ಡ್ 2000 ತೆಗೆಯುತ್ತಾರೆ. 1985ರಲ್ಲಿ ಬಂದ ಕಾರು ಅದು. ಮೈ ನೋಡಿದರೆ ಇಂಗ್ಲೆಂಡಿನ ರೋವರ್, ಬಾನೆಟ್ ಎತ್ತಿದರೆ ಅಜ್ಜನ ಕಾಲದ ವ್ಯಾನ್‌ಗಾರ್ಡ್ ಎಂಜಿನ್ನಿನ ವಂಶ. ಪೆಟ್ರೋಲ್ ಕುಡಿಯುವುದರಲ್ಲಿ ಮಾತ್ರ ರಾಜಮನೆತನ. ಕೆಲವೇ ವರ್ಷದಲ್ಲಿ ಅದರ ಕಥೆ ಮುಗಿಯಿತು. ಇನ್ನೊಬ್ಬರು ಅದಕ್ಕೆ ಸೊಪ್ಪು ಹಾಕದೆ ಬಾದಲ್ ಹೆಸರು ಹೇಳುತ್ತಾರೆ. ಎಪ್ಪತ್ತರ ದಶಕದಲ್ಲಿ ನಮ್ಮ ಬೆಂಗಳೂರಲ್ಲೇ ತಯಾರಾದ ಫೈಬರ್ ಮೈಯ ಕಾರು, ಚಕ್ರ ಮೂರೇ. ಬಾದಲ್ ಅಂದಮೇಲೆ ಅಲ್ಲಿಗೆ ಸ್ಪರ್ಧೆ ಮುಗಿದಂತೆ. ನಾಲ್ಕನೇ ಚಕ್ರವೇ ಇಲ್ಲದ ಕಾರಿನ ಎದುರು ಯಾರು ಏನು ಮಾತಾಡೋಕಾಗುತ್ತೆ?

ಪೂಜೋ 309 ಇಟ್ಟಿದ್ದವರು ಸ್ವಲ್ಪ ಬೇರೆ ಜಾತಿ. ಅವರು ಕಾರನ್ನು ಬೈಯಲ್ಲ, ನಿಟ್ಟುಸಿರು ಬಿಡುತ್ತಾರೆ. ಗಾಡಿ ಚೆನ್ನಾಗಿತ್ತು, ಕಂಪನಿಯೇ ಓಡಿಹೋಯಿತು. ತೊಂಬತ್ತರ ದಶಕದ ನಡುವೆ ಬಂದು ದಶಕ ಮುಗಿಯೋದರೊಳಗೆ ಗಂಟುಮೂಟೆ ಕಟ್ಟಿತು. ಡೇವೂದು ಅದೇ ಕಥೆ. ಶೆವ್ರೊಲೆ 2017ರಲ್ಲಿ ಇಲ್ಲಿ ಮಾರಾಟ ನಿಲ್ಲಿಸಿತು, 2021ರಲ್ಲಿ ಫೋರ್ಡ್ ಕಾರ್ಖಾನೆ ಮುಚ್ಚುವುದಾಗಿ ಹೇಳಿತು. ಕಂಪನಿ ದೇಶ ಬಿಡಬಹುದು, ಬೇಡ ಅನ್ನೋರಿಲ್ಲ. ಬಾಡೂಟ ಹಾಕಿಸಿ ಕಾರು ತಂದ ಹೊನ್ನಾಳಿ ಕಡೆಯ ರೈತ ಎಲ್ಲಿಗೆ ಹೋಗಬೇಕು?

ನ್ಯಾನೋ ಬಗ್ಗೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ. ಪೆಟ್ರೋಲ್ ಬಂಕಿನ ಹೊಸ ಹುಡುಗ ಪೈಪು ಹಿಡಿದು ಕಾರಿನ ಸುತ್ತ ಪ್ರದಕ್ಷಿಣೆ ಹಾಕುವುದನ್ನು ನೋಡಿದ್ದೀರಾ? ಟ್ಯಾಂಕಿನ ಬಾಯಿ ಇರುವುದು ಮುಂದಿನ ಬಾನೆಟ್ ಒಳಗೆ, ಎಂಜಿನ್ ಇರುವುದು ಹಿಂದೆ, ಶುರುವಿನ ಮಾಡೆಲ್ಲಿಗೆ ಹಿಂದಿನ ಬಾಗಿಲು ತೆರೆಯುವುದೇ ಇಲ್ಲ. ಸುತ್ತು ಹಾಕಿ ಹಾಕಿ ಹುಡುಗ "ಅಣ್ಣಾ, ನೀವೇ ಇಳೀರಿ" ಅನ್ನುತ್ತಿದ್ದ. ಆ ಕಾರುಗಳಲ್ಲಿ ಕೆಲವಕ್ಕೆ ಬೆಂಕಿ ಹತ್ತಿತು ಅನ್ನೋದು ನಿಮಗೆ ನೆನಪಿರಬಹುದು. 2010ರಲ್ಲಿ ಕಂಪನಿ ಎಲ್ಲರ ಕಾರಿಗೂ ಪುಕ್ಕಟೆಯಾಗಿ ಹೆಚ್ಚುವರಿ ರಕ್ಷಣೆ ಅಳವಡಿಸಿಕೊಡ್ತೀವಿ ಅಂದಿತು. ಜೊತೆಗೆ ಇದು ರೀಕಾಲ್ ಅಲ್ಲ, ಅಂದರೆ ದೋಷ ಇದೆ ಅಂತ ಗಾಡಿ ವಾಪಸ್ ಕರೆಸುತ್ತಿಲ್ಲ ಅಂತಲೂ ಹೇಳಿತು. ಗಾಡಿದೇನೂ ತಪ್ಪಿಲ್ಲ, ಆದರೂ ತಗೊಂಡು ಬನ್ನಿ. ಎಷ್ಟು ಸೊಗಸಾದ ಮಾತು.

ಸೆಕೆಂಡ್ ಹ್ಯಾಂಡ್ ಮಾರ್ಕೆಟ್ಟಿನ ಸೊಗಸೇ ಬೇರೆ. ಅಲ್ಲಿ ಮಾರಾಟಕ್ಕಿರುವ ಪ್ರತಿ ಕಾರೂ "ಡಾಕ್ಟರ್ ಗಾಡಿ ಸಾರ್, ಸಿಂಗಲ್ ಓನರ್, ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ." 1965ರಿಂದಲೂ ಮೆಡಿಕಲ್ ಕಾಲೇಜಿರುವ ಊರು ನಮ್ಮದು, ಆಮೇಲೆ ಇನ್ನೊಂದೂ ಬಂತು. ಡಾಕ್ಟರುಗಳಿಗೇನೂ ಬರ ಇಲ್ಲ, ಒಪ್ಪೋಣ. ಆದರೂ ಬ್ರೋಕರ್ ಹೇಳುವ ಲೆಕ್ಕ ಹಿಡಿದರೆ ಮನೆಗೊಬ್ಬ ಹೃದಯ ತಜ್ಞ ಇರಬೇಕಾಗುತ್ತದೆ. ಅದರಲ್ಲಿ ಒಂದು ಡಾಕ್ಟರ್ ಗಾಡಿಯ ಡಿಕ್ಕಿ ತೆಗೆದು ನೋಡಿದೆ. ಮ್ಯಾಟಿನ ಕೆಳಗೆ ಒಂದು ಹಿಡಿ ಮೆಕ್ಕೆಜೋಳ, ಒಂದು ಗೋಣಿದಬ್ಬಣ. ಯಾವ ಕಾಯಿಲೆಯ ಡಾಕ್ಟರೋ ಏನೋ.

ಹಳೇ ಕಾಲದ ಕೆಟ್ಟ ಕಾರು ಅಂದರೆ ಅದಕ್ಕೊಂದು ಮರ್ಯಾದೆ ಇತ್ತು ಅಂತ ನನ್ನ ನಂಬಿಕೆ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟು ಹಾಕಿದರೆ ಊರು ಎರಡು ಭಾಗ ಆಗುತ್ತಿದ್ದ ದಿನಗಳು ಅವು. ಏಪ್ರಿಲ್ ಬಿಸಿಲು. ಗೇಟಿನ ಎರಡೂ ಕಡೆ ಎತ್ತಿನ ಗಾಡಿ, ಲೂನಾ, ಹತ್ತಿ ಹೇರಿದ ಲಾರಿ. ನಡುವೆ ಒಂದು ಅಂಬಾಸಿಡರ್. ಪೆಟ್ರೋಲ್ ಉಳಿಸೋಕೆ ಅಂತ ಎಂಜಿನ್ ಆಫ್ ಮಾಡಿರುತ್ತಾರೆ. ರೈಲು ಹೋಗಿ ಗೇಟು ಎದ್ದಾಗ ಎಲ್ಲರೂ ಹೊರಡುತ್ತಾರೆ, ಅಂಬಾಸಿಡರ್ ಮಾತ್ರ ಹೊರಡಲ್ಲ. ಬಿಸಿಗೆ ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಪಂಪಿಗೆ ಏರುತ್ತಿರಲಿಲ್ಲ. ಡ್ರೈವರ್ ಬೇಜಾರೇ ಮಾಡಿಕೊಳ್ಳದೆ ಇಳಿದು, ಹೆಗಲ ಮೇಲಿನ ಟವೆಲ್ಲನ್ನು ನೀರಲ್ಲಿ ಅದ್ದಿ, ಪಂಪಿನ ಮೇಲೆ ಸುತ್ತಿ, ಬೀಡಿ ಹಚ್ಚುತ್ತಿದ್ದ. ಬೀಡಿ ಮುಗಿಯುವಷ್ಟರಲ್ಲಿ ಪಂಪು ತಣ್ಣಗೆ. ಆಗಲೂ ಸೆಲ್ಫ್ ತಗೊಳ್ಳದಿದ್ದರೆ ಮಿಲ್ಲಿನ ಪಾಳಿ ಬಿಟ್ಟು ಬರುತ್ತಿದ್ದವರು ಯಾರೂ ಕರೆಯದೆ ಬಂದು ತಳ್ಳುತ್ತಿದ್ದರು. ಟ್ಯಾಂಕ್ ಸೋರಿದರೆ ಬಟ್ಟೆ ಸೋಪು ಮೆತ್ತುವುದು, ಫ್ಯಾನ್ ಬೆಲ್ಟ್ ಹರಿದರೆ ಯಾವುದಾದರೂ ಹಗ್ಗ ಕಟ್ಟುವುದು. 2014ರಲ್ಲಿ ಕಾರ್ಖಾನೆ ನಿಲ್ಲುವವರೆಗೂ ಆ ಕಾರು ಐವತ್ತಕ್ಕೂ ಹೆಚ್ಚು ವರ್ಷ ಹೀಗೇ ಕೆಡುತ್ತಾ, ಹೀಗೇ ರಿಪೇರಿಯಾಗುತ್ತಾ ಬದುಕಿತು. ಕೆಟ್ಟಿದೆ ಅಂತ ಎಲ್ಲರೂ ಒಪ್ಪುತ್ತಿದ್ದರು. ಅದೇ ದೊಡ್ಡ ವಿಷಯ.

ಈಗ ಒಪ್ಪಲ್ಲ. ನನ್ನ ಈಗಿನ ಕಾರಿನ ಹೆಸರು ಬೇಡ. ಅದಕ್ಕೆ ಸನ್‌ರೂಫ್ ಇದೆ. ದಾವಣಗೆರೆಯಲ್ಲಿ ತಲೆ ಮೇಲೆ ಸೂರ್ಯ ಸಾಲದು ಅಂತ ಯಾರೋ ದುಡ್ಡು ಕೊಟ್ಟು ತೂತು ಮಾಡಿಸಿದ್ದಾರೆ. ಮಳೆಗಾಲದಲ್ಲಿ ಅದೇ ತೂತಿನಿಂದ ಹಿಂದಿನ ಸೀಟಿಗೆ ಅಭಿಷೇಕ. ಇದರ ಜೊತೆಗೆ ಎಂಜಿನ್ ಚಿತ್ರದ ಹಳದಿ ಲೈಟು ಬೇಕಾದಾಗ ಬರುತ್ತೆ, ಬೇಡವಾದಾಗ ಹೋಗುತ್ತೆ. ಲೈಟು ಬಂದಾಗ ಗಾಡಿ ಮೂವತ್ತರ ಮೇಲೆ ಹೋಗಲ್ಲ. ಹೈವೇಯಲ್ಲಿ ಹಿಂದಿನ ಲಾರಿಯವನಿಗೆ ಇದನ್ನು ವಿವರಿಸಿ ಹೇಳೋದು ಹೇಗೆ?

ಸರ್ವಿಸ್ ಸೆಂಟರಿಗೆ ಹೋದೆ. ಎಸಿ ರೂಮು, ಕಾಫಿ ಮಿಷನ್, ಟೈ ಕಟ್ಟಿದ ಹುಡುಗ.

"ಚೆಕ್ ಮಾಡಿದ್ವಿ ಸಾರ್. ನೋ ಪ್ರಾಬ್ಲಮ್."

"ಲೈಟು ಬರ್ತಿದೆಯಲ್ಲಪ್ಪಾ."

"ನಮ್ ಹತ್ರ ಬರ್ಲಿಲ್ಲ ಸಾರ್."

"ಮೇಲಿಂದ ನೀರು ಸೋರುತ್ತೆ."

"ಈ ಮಾಡೆಲ್‌ಗೆ ಅದು ಕಾಮನ್ ಸಾರ್. ಎಲ್ಲಾ ಗಾಡಿಲೂ ಬರುತ್ತೆ."

ಇದನ್ನು ಕೇಳಿ ನನ್ನ ಮನಸ್ಸಿಗೆ ಎಷ್ಟು ಸಮಾಧಾನ ಆಯಿತು ಅಂದರೆ, ಒಬ್ಬನೇ ನೆನೆಯುತ್ತಿದ್ದೀನಿ ಅಂದುಕೊಂಡಿದ್ದೆ. ಜಿಲ್ಲೆಗೆ ಜಿಲ್ಲೆಯೇ ನೆನೆಯುತ್ತಿದೆ. ಎಲ್ಲರಿಗೂ ಬಂದರೆ ಅದು ರೋಗವೇ ಅಲ್ಲ ಅನ್ನುವ ಈ ವೈದ್ಯಶಾಸ್ತ್ರ ನಮ್ಮ ಎರಡೂ ಮೆಡಿಕಲ್ ಕಾಲೇಜಿನಲ್ಲಿ ಹೇಳಿಕೊಡುವುದಿಲ್ಲ.

ಸರಿ, ಕಾನೂನು ಇದೆಯಲ್ಲ, ನೋಡೋಣ ಅಂದುಕೊಂಡೆ. ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದರು, 2021ರ ಏಪ್ರಿಲ್‌ನಿಂದ ನಿಯಮ ಜಾರಿಗೆ ಬಂತು. ದೋಷ ಇರುವ ಗಾಡಿಗಳನ್ನು ವಾಪಸ್ ಕರೆಸಿ ಸರಿಮಾಡಿ ಅಂತ ಸರ್ಕಾರ ಕಂಪನಿಗೆ ಆದೇಶ ಕೊಡಬಹುದು, ಕೋಟಿ ರೂಪಾಯಿವರೆಗೆ ದಂಡವನ್ನೂ ಹಾಕಬಹುದು. ಚಪ್ಪಾಳೆ. ಆದರೆ ಒಬ್ಬ ದೂರು ಕೊಟ್ಟರೆ ಸಾಲದು. ವರ್ಷಕ್ಕೆ ಹತ್ತು ಸಾವಿರಕ್ಕಿಂತ ಜಾಸ್ತಿ ಮಾರಾಟವಾಗುವ ಕಾರಾದರೆ ದೂರುಗಳು ಸಾವಿರ ದಾಟಬೇಕು. ಗಾಡಿಗೆ ಏಳು ವರ್ಷ ಮೀರಿರಬಾರದು. ದೋಷ ರಸ್ತೆ ಸುರಕ್ಷತೆಗೋ ಪರಿಸರಕ್ಕೋ ಅಪಾಯ ತರುವಂಥದ್ದಾಗಿರಬೇಕು. ಹಿಂದಿನ ಸೀಟಿನ ಅಭಿಷೇಕಕ್ಕೆ ಅಲ್ಲಿ ಜಾಗ ಇಲ್ಲ.

ಹೊಂದಿಸಿ ನೋಡಿ. ಸರ್ವಿಸ್ ಸೆಂಟರಿನಲ್ಲಿ ಇದು ಎಲ್ಲರಿಗೂ ಇದೆ, ಆದ್ದರಿಂದ ದೋಷ ಅಲ್ಲ. ಕಾನೂನಿನ ಮುಂದೆ ಇದು ನಿನಗೊಬ್ಬನಿಗೇ ಇದೆ, ಆದ್ದರಿಂದ ಲೆಕ್ಕಕ್ಕಿಲ್ಲ. ಮದುವೆ ಮನೆಗೆ ಹೋದರೆ ನಾನೀಗ ಪಾರ್ಕಿಂಗಿನಲ್ಲೇ ನಿಲ್ಲುತ್ತೇನೆ. ನನ್ನ ಮಾಡೆಲ್ ಬಂದರೆ ಓಡಿಹೋಗಿ, "ಯಜಮಾನ್ರೆ, ನಿಮ್ದೂ ಸೋರುತ್ತಾ?" ಅಂತ ಕೇಳುತ್ತೇನೆ. ಹೆಂಡತಿ ಪಕ್ಕದಲ್ಲಿದ್ದರೆ ಯಾರೂ ಒಪ್ಪಲ್ಲ. ಹದಿನಾಲ್ಕು ಲಕ್ಷ ಕೊಟ್ಟವನು ಅಷ್ಟು ಬೇಗ ಒಪ್ಪುತ್ತಾನಾ?

ಗ್ರಾಹಕರ ಆಯೋಗ ಇದೆಯಲ್ಲ ಅನ್ನುವವರಿದ್ದಾರೆ. ಇದೆ, ಪ್ರತಿ ಜಿಲ್ಲೆಗೂ ಇದೆ. ಅಲ್ಲಿ ತಯಾರಿಕೆಯಲ್ಲೇ ದೋಷ ಇತ್ತು ಅನ್ನೋದಕ್ಕೆ ತಜ್ಞರ ವರದಿ ಎಲ್ಲಿ ಅನ್ನುವ ಪ್ರಶ್ನೆ ಬರುತ್ತದೆ. ನನಗೆ ಗೊತ್ತಿರುವ ತಜ್ಞ ಅಂದರೆ ಹದಡಿ ರಸ್ತೆಯ ಮೆಕ್ಯಾನಿಕ್. ಅವನು ಗಾಡಿ ಸುತ್ತ ಒಂದು ಸಲ ಬಂದು, ಕೈ ಒರೆಸಿಕೊಂಡು, "ಅಣ್ಣಾ, ಮಾರಿಬಿಡು" ಅಂತ ಒಂದೇ ಮಾತಲ್ಲಿ ವರದಿ ಕೊಟ್ಟ. ಸಹಿ ಹಾಕಿಕೊಡು ಅಂದರೆ ನಕ್ಕ.

ಇದರ ಮೇಲೆ ಈಗ ಪೆಟ್ರೋಲಿಗೆ ಶೇಕಡ 20 ಎಥನಾಲ್. 2030ಕ್ಕೆ ಮುಟ್ಟಬೇಕಿದ್ದ ಗುರಿಯನ್ನು 2025ಕ್ಕೇ ಮುಟ್ಟಿದೆವು. ನಮ್ಮೂರ ಯಾವ ಸೇತುವೆಗೂ ಇಂಥ ಅವಸರ ಇರಲಿಲ್ಲ. ಹಳೇ ಕಾರುಗಳ ಮೈಲೇಜು ಶೇಕಡ 6-7 ಇಳಿಯಬಹುದು ಅಂತ 2021ರಲ್ಲಿ ನೀತಿ ಆಯೋಗದ ವರದಿಯೇ ಹೇಳಿತ್ತು. ಜನ ಕೂಗಾಡಿದ ಮೇಲೆ ಪೆಟ್ರೋಲಿಯಂ ಸಚಿವಾಲಯ ಏನೂ ತೊಂದರೆ ಇಲ್ಲ ಅಂದಿತು. ಹಳೇ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಆದಮೇಲೆ ಕೆಲವು ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು, ಖರ್ಚು ಕಮ್ಮಿ ಅಂತಲೂ ಸೇರಿಸಿತು. ಆ ಕಮ್ಮಿ ಖರ್ಚು ಯಾರ ಜೇಬಿಂದ ಅನ್ನುವುದನ್ನು ಸೇರಿಸಲಿಲ್ಲ. ಎಥನಾಲ್ ಇಲ್ಲದ್ದು ಹಾಕಪ್ಪಾ ಅಂದರೆ ಬಂಕಿನವನು ನನ್ನನ್ನೇ ಮೇಲಿಂದ ಕೆಳಗೆ ನೋಡುತ್ತಾನೆ.

ಒಂದು ಕಡೆಯಾದರೂ ಲಾಭ ಆಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತು. ಎಥನಾಲ್ ಆಗುವುದು ಕಬ್ಬಿನಿಂದ, ಅಕ್ಕಿಯಿಂದ, ಮೆಕ್ಕೆಜೋಳದಿಂದ. ಮೆಕ್ಕೆಜೋಳ ಅಂದರೆ ನಮ್ಮದೇ ಹೊಲ. ಇತ್ತ ದಾವಣಗೆರೆ, ಅತ್ತ ಚಿತ್ರದುರ್ಗ, ಮಳೆಗಾಲದಲ್ಲಿ ಕಣ್ಣು ಹಾಯಿಸಿದಷ್ಟೂ ಅದೇ. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 2,400 ಅಂತ ಕಾಗದದ ಮೇಲಿತ್ತು. ನವೆಂಬರ್‌ನಲ್ಲಿ ಫಸಲು ಬಂದಾಗ ಮಾರುಕಟ್ಟೆಯಲ್ಲಿ 2,000ವೂ ಹುಟ್ಟಲಿಲ್ಲ. ಬೆಳೆದವನಿಗೆ ರೇಟಿಲ್ಲ, ಕುಡಿಸಿದ ಕಾರಿಗೆ ಮೈಲೇಜಿಲ್ಲ. ಪೆಟ್ರೋಲ್ ರೇಟು ಒಂದು ರೂಪಾಯಿ ಇಳಿಯಲಿಲ್ಲ. ಹಾಗಾದರೆ ದುಡ್ಡು ಎಲ್ಲಿ ಹೋಯಿತು?

ತಮಾಷೆ ಮಾಡಿ ಮಾಡಿ ಸಾಕಾಗಿದೆ. ನನಗೆ ಸಂಬಳ ಇದೆ, ಕಾರು ನಿಂತರೆ ಬಸ್ಸು ಹತ್ತುತ್ತೇನೆ. ನಮ್ಮ ಬೀದಿಯಲ್ಲಿ ಒಬ್ಬ ಹುಡುಗ ಹಳದಿ ಬೋರ್ಡಿನ ಹೊಸ ಗಾಡಿ ತಗೊಂಡ. ತಾಯಿಯ ಸರ ಅಡ ಇಟ್ಟು ಮುಂಗಡ ಕಟ್ಟಿದ್ದು. ಮೊದಲ ವರ್ಷವೇ ಎಂಜಿನ್ ಕೆಲಸ ಬಂತು. ಪಾರ್ಟ್ ಮೇಲಿಂದ ಬರಬೇಕು ಅಂತ ಹೇಳಿ ಗಾಡಿಯನ್ನು ಯಾರ್ಡಿನಲ್ಲಿ ನಿಲ್ಲಿಸಿಕೊಂಡರು. ತಿಂಗಳುಗಳು ಹೋದವು, ಪಾರ್ಟ್ ಬರಲಿಲ್ಲ. ಕಂತು ಮಾತ್ರ ಪ್ರತಿ ತಿಂಗಳು ಐದನೇ ತಾರೀಖು ತಪ್ಪದೆ ಬಂತು. ಫೈನಾನ್ಸಿನವರು ಮನೆ ಬಾಗಿಲಿಗೆ ಬಂದು ಕೂತರು. ಗಾಡಿ ಕೆಟ್ಟದ್ದು ಅವನ ತಪ್ಪಾ? ಮಾರಿದವನಿಗೆ ದುಡ್ಡು ಬಂತು, ಸಾಲ ಕೊಟ್ಟವನಿಗೆ ಬಡ್ಡಿ ಬಂತು, ಸರ್ಕಾರಕ್ಕೆ ಟ್ಯಾಕ್ಸ್ ಬಂತು. ಯಾರಿಗೂ ಏನೂ ಆಗಲಿಲ್ಲ. ಅವನು ಈಗ ಬೇರೆಯವರ ಗಾಡಿಗೆ ಡ್ರೈವರ್.

ಮೊನ್ನೆ ಸರ್ವಿಸ್ ಸೆಂಟರಿನ ಟೈ ಹುಡುಗ ಫೋನ್ ಮಾಡಿದ.

"ಸಾರ್, ಕಂಪನಿಯಿಂದ ಫೀಡ್‌ಬ್ಯಾಕ್ ಕಾಲ್ ಬರುತ್ತೆ. ದಯವಿಟ್ಟು ಹತ್ತಕ್ಕೆ ಹತ್ತು ಕೊಡಿ ಸಾರ್."

"ಲೈಟು ಇನ್ನೂ ಉರೀತಿದೆ ಕಣಪ್ಪಾ."

"ಗೊತ್ತು ಸಾರ್. ಎಂಟು ಕೊಟ್ರೂ ನನ್ ಇನ್ಸೆಂಟಿವ್ ಕಟ್ ಆಗುತ್ತೆ ಸಾರ್. ಮನೇಲಿ ಅಪ್ಪಂಗೆ ಹುಷಾರಿಲ್ಲ."

ಕೊಟ್ಟೆ, ಹತ್ತಕ್ಕೆ ಹತ್ತು. ಅವನ ಮೇಲೆ ನನಗೇನು ಹಗೆ? ಕಂಪನಿಯ ಕಂಪ್ಯೂಟರಿನಲ್ಲಿ ನಾನೀಗ ಪರಮ ಸಂತುಷ್ಟ ಗ್ರಾಹಕ. ಸಂಜೆ ಮತ್ತೆ ಅವನದೇ ಫೋನು.

"ಥ್ಯಾಂಕ್ಸ್ ಸಾರ್. ನಿಮ್ಮ ಕಡೆಯವರು ಯಾರಾದ್ರೂ ಹೊಸ ಗಾಡಿ ತಗೊಳೋರು ಇದ್ರೆ ಒಂದು ನಂಬರ್ ಕೊಡಿ ಸಾರ್."

ಹರಿಹರದಲ್ಲಿ ನನ್ನ ಷಡ್ಡಕ ಇದ್ದಾನೆ. ಹೋದ ವರ್ಷ ಮಾವನ ಮನೆಯಲ್ಲಿ ಎಲ್ಲರ ಎದುರು ನನ್ನ ಹಳೇ ಕಾರು ನೋಡಿ ನಕ್ಕಿದ್ದ. ನಂಬರ್ ಕೊಟ್ಟೆ.