ಮೈನಸ್ ಒಂಬತ್ತರ ಮಹಿಮೆ

ತುಮಕೂರಿನಲ್ಲಿ ಸಂಧಿವಾತಕ್ಕೆ ಮದ್ದು ಸಿಕ್ಕಿ ಮೂರು ತಿಂಗಳಾಯಿತು. ಸಿಕ್ಕಿದ್ದು ನಮ್ಮ ಮನೆಯಲ್ಲೇ, ಅಕ್ಕನ ಮಗನ ಲ್ಯಾಪ್‌ಟಾಪಿನೊಳಗೆ.

ಮದ್ದು ಲಕ್ಕಿ ಸೊಪ್ಪು. ಅದೇ, ಬೇಲಿಯಲ್ಲಿ ಬೆಳೆಯೋದು, ಮೈಕೈ ನೋವಿಗೆ ಸ್ನಾನದ ನೀರಿಗೆ ಹಾಕೋದು. ನಮ್ಮಮ್ಮ ಹುಟ್ಟಿದಾಗಿನಿಂದ ಬಲ್ಲಳು. ಅದರ ಸ್ಕೋರ್ ಮಾತ್ರ ಗೊತ್ತಿರಲಿಲ್ಲ, ಪಾಪ.

"ಅಜ್ಜಿ, ಮೈನಸ್ ಒಂಬತ್ತು ಬಂತು!" ಅಂತ ಹುಡುಗ ಕುಣಿದ.

"ಫೇಲಾ?"

"ಇಲ್ಲಜ್ಜಿ, ಮೈನಸ್ ಜಾಸ್ತಿ ಆದಷ್ಟೂ ಒಳ್ಳೇದು."

"ಹಂಗಾದ್ರೆ ನಿಮ್ಮ ತಾತನ ಲೆಕ್ಕದ ಪುಸ್ತಕ ಚೆನ್ನಾಗೇ ಇತ್ತು ಬಿಡು."

ಆಟ ಇಷ್ಟೇ. ಸಂಧಿವಾತ ಅಂದರೆ ಮೈ ಕಾಯಬೇಕಾದ ಪಡೆಯೇ ತಿರುಗಿಬಿದ್ದು ಕೀಲುಗಳನ್ನು ಕಚ್ಚೋದು. ಆ ಗಲಾಟೆಗೆ ಕುಮ್ಮಕ್ಕು ಕೊಡುವ ಪ್ರೋಟೀನುಗಳಲ್ಲಿ ಟಿಎನ್‌ಎಫ್ ಆಲ್ಫಾ ಒಂದು. ಅದರ ಆಕಾರದ ಫೈಲು ಪುಕ್ಕಟೆ. ಇಂಥ ಫೈಲುಗಳ ಉಗ್ರಾಣ 1971ರಿಂದಲೂ ಇದೆ. ಗಿಡದ ಅಣುವನ್ನು ಆ ಪ್ರೋಟೀನಿನ ಗುಂಡಿಯಲ್ಲಿ ಕೂರಿಸಿ ನೋಡುವ ಸಾಫ್ಟ್‌ವೇರೂ ಪುಕ್ಕಟೆ. ಎಷ್ಟು ಬಿಗಿಯಾಗಿ ಕೂತೀತು ಅಂತ ಅದು ಒಂದು ಅಂದಾಜು ನಂಬರ್ ಕೊಡುತ್ತೆ, ಅದೇ ಸ್ಕೋರ್. ಜಾತಕ ಕೂಡಿಬಂದ ಹಾಗೆ. ಮದುವೆ ಆಮೇಲೆ, ಸಂಸಾರ ಇನ್ನೂ ಆಮೇಲೆ.

ಸಾವಿರಾರು ಅಣುಗಳಲ್ಲಿ ಯಾವ ಹತ್ತನ್ನು ಲ್ಯಾಬಿಗೆ ಒಯ್ಯಬೇಕು ಅಂತ ಆರಿಸೋಕೆ ಇದು ಒಳ್ಳೆ ಜರಡಿ, ಸುಳ್ಳಲ್ಲ. ನಮ್ಮವರು ಜರಡಿ ಹಿಡಿದ ಕೂಡಲೇ ಊಟಕ್ಕೆ ಎಲೆ ಹಾಕಿಬಿಡುತ್ತಾರೆ.

ಕಾಲೇಜಿನ ಗೇಟಿಗೆ ಫ್ಲೆಕ್ಸ್ ಬಿತ್ತು: 'ಸಂಧಿವಾತಕ್ಕೆ ಸಿದ್ದರಬೆಟ್ಟದ ರಾಮಬಾಣ'. ಗಿಡಮೂಲಿಕೆಗೆ ಹೆಸರಾದ ಆ ಬೆಟ್ಟವನ್ನು ಹುಡುಗ ಹತ್ತಿಯೇ ಇಲ್ಲ. ಬೇಲಿ ಹತ್ತಿರಕ್ಕೂ ಹೋಗಿಲ್ಲ. ಇಡೀ ಸಂಶೋಧನೆಯಲ್ಲಿ ಒಂದೇ ಒಂದು ಎಲೆ ಕಿತ್ತಿಲ್ಲ ಅನ್ನೋದೇ ಅದರ ಹೆಚ್ಚುಗಾರಿಕೆ. ಶಾಲು, ಹಾರ, ಮೈಸೂರು ಪೇಟ ಎಲ್ಲ ಆಯಿತು. ಪೇಟ ಗೈಡಿಗೆ.

ಪ್ರಬಂಧದ ಕೊನೇ ಸಾಲು ಓದಿದೆ: 'ಮುಂದೆ ಪ್ರಯೋಗಾಲಯದಲ್ಲೂ ಪ್ರಾಣಿಗಳ ಮೇಲೂ ಪರೀಕ್ಷೆ ಆಗಬೇಕಿದೆ.'

"ಯಾರೋ ಮಾಡೋರು?"

"ಗೊತ್ತಿಲ್ಲ ಮಾಮ. ಜೂನಿಯರ್ಸ್ ಅರಿಶಿನ ತಗೊಂಡಿದ್ದಾರೆ."

ಅರಿಶಿನ! ಅದರಲ್ಲಿರೋ ಕರ್ಕ್ಯುಮಿನ್ ಅನ್ನೋ ಅಣು ಎಷ್ಟೋ ಪರೀಕ್ಷೆಗಳಲ್ಲಿ ಸುಳ್ಳೇ ಪಾಸಾಗುತ್ತೆ, ಮೈಯೊಳಗೆ ನೆಟ್ಟಗೆ ಇಳಿಯೋದೂ ಇಲ್ಲ ಅಂತ ಔಷಧ ರಸಾಯನದ ತಜ್ಞರು 2017ರಲ್ಲೇ ಉದ್ದಕ್ಕೆ ಬರೆದಿದ್ದಾರೆ. ಬರೆಯಲಿ. ಸ್ಕೋರ್ ಬರುತ್ತಲ್ಲ, ಸಾಕು.

ಅಷ್ಟರಲ್ಲಿ ಫ್ಲೆಕ್ಸಿನ ಫೋಟೋ ವಾಟ್ಸಾಪಿನಲ್ಲಿ ಊರು ಸುತ್ತಿ ನಮ್ಮ ಮನೆಗೇ ವಾಪಸ್ ಬಂತು, 'ಇಂಗ್ಲಿಷ್ ಮಾತ್ರೆ ಬಿಡಿ' ಅನ್ನೋ ಬಾಲದ ಸಮೇತ. ಪಕ್ಕದ ಮನೆಯವರು ಬಂದು ಅಮ್ಮನಿಗೆ ಅದನ್ನೇ ಉಪದೇಶ ಮಾಡಿದರು. ಅಮ್ಮನ ಸಂಧಿವಾತಕ್ಕೆ ಡಾಕ್ಟರು ಬರೆದಿರೋದು ಮೆಥೊಟ್ರೆಕ್ಸೇಟ್ ಅನ್ನೋ ಮಾತ್ರೆ, ವಾರಕ್ಕೊಂದೇ ದಿನ. ಅಮ್ಮ ಕಾಫಿ ಕೊಟ್ಟಳು, ಹೂಂಗುಟ್ಟಿದಳು, ಸೋಮವಾರ ಮಾತ್ರೆ ನುಂಗಿದಳು.

ಮೊನ್ನೆ ಬೆಳಗ್ಗೆ ನೋಡಿದೆ. ಹುಡುಗ ರಾತ್ರಿಯಿಡೀ ಲ್ಯಾಪ್‌ಟಾಪ್ ಓಡಲು ಬಿಟ್ಟು ಮಲಗಿದ್ದ. ಈ ಸಲ ಅಮೃತಬಳ್ಳಿ. ಅಮ್ಮನಿಗೆ ಎದ್ದು ಗಂಟೆಯಾದರೂ ಬೆರಳು ಮಡಚೋಕೆ ಬರೋದಿಲ್ಲ, ನಲ್ಲಿ ತಿರುಗಿಸೋಕೂ ಒದ್ದಾಟ. ಅವಳು ಮೆಲ್ಲಗೆ ಬಂದು ಕೂತು, ಊದಿದ ಎರಡೂ ಕೈಗಳನ್ನು ಕೀಬೋರ್ಡಿನ ಮೇಲಿಟ್ಟಳು.

"ಅಜ್ಜಿ! ಏನ್ ಮಾಡ್ತಿದ್ದೀಯ?"

"ಸುಮ್ನಿರೋ. ಬೆಚ್ಚಗಿದೆ, ಹಾಯಾಗುತ್ತೆ. ಇನ್ನೂ ಸ್ವಲ್ಪ ಹೊತ್ತು ಓಡಿಸು."