ಟ್ರೆಡ್‌ಮಿಲ್ ಕಿಲೋಮೀಟರ್ ಲೆಕ್ಕಕ್ಕಿಲ್ಲವಂತೆ!

ಭಾನುವಾರದ ಓಟ ಮುಗಿಸಿ ಗುಂಪಿನವರೆಲ್ಲ ಇಡ್ಲಿ ತಿನ್ನುತ್ತ ನಿಂತಿದ್ದೆವು. ಹೊಸದಾಗಿ ಸೇರಿರುವ ಹುಡುಗಿಯೊಬ್ಬಳು, ಮನೆಯಲ್ಲಿ ಪುಟ್ಟ ಮಗು ಇದೆ ಅವಳಿಗೆ, ಖುಷಿಯಲ್ಲಿ ಹೇಳಿದಳು: "ಈ ವಾರ ಮನೇಲೇ ಟ್ರೆಡ್‌ಮಿಲ್ ಮೇಲೆ ಹದಿನಾಲ್ಕು ಕಿಲೋಮೀಟರ್ ಮುಗಿಸಿದೆ!" ನಮ್ಮ ಹಿರಿಯ ಓಟಗಾರರೊಬ್ಬರು ವಡೆಯನ್ನು ಸಾಂಬಾರಿನಲ್ಲಿ ಅದ್ದುತ್ತ, ತಲೆ ಕೂಡ ಎತ್ತದೆ, ತೀರ್ಪು ಕೊಟ್ಟರು. "ಅದು ಓಟ ಅಲ್ಲಮ್ಮ. ಬೆಲ್ಟೇ ಹಿಂದಕ್ಕೆ ಹೋಗುತ್ತೆ, ನೀನು ಸುಮ್ನೆ ಕಾಲೆತ್ತಿ ಇಡೋದಷ್ಟೇ. ಆ ಕಿಲೋಮೀಟರ್ ಲೆಕ್ಕಕ್ಕಿಲ್ಲ."

ಆ ಹುಡುಗಿ "ಹೌದಾ ಸರ್" ಅಂತ ಸಪ್ಪೆ ಮುಖ ಮಾಡಿಕೊಂಡಳು. ನನಗೆ ಮೈ ಉರಿದುಹೋಯಿತು. ಬಾಯಲ್ಲಿ ಇಡ್ಲಿ ಇತ್ತು, ಅವರು ಬಚಾವಾದರು. ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ, ಉದ್ದ ಆಗುತ್ತದೆ, ಓದಿ.

ಮೊದಲು ಆ "ಬೆಲ್ಟ್ ಎಳೆಯುತ್ತೆ" ಪುರಾಣ. ಮೈಸೂರಿಗೆ ಹೋಗುವ ರೈಲಿನಲ್ಲಿ ಸೀಟಿನಿಂದ ಎದ್ದು ಬಾಗಿಲ ತನಕ ನಡೆಯುತ್ತೀರಲ್ಲ, ರೈಲು ಓಡುತ್ತಿದೆ ಅಂತ ನಿಮ್ಮ ಕಾಲಿಗೆ ಏನಾದರೂ ರಿಯಾಯಿತಿ ಸಿಗುತ್ತದಾ? ಇಲ್ಲ ಅಲ್ವಾ? ಒಂದೇ ವೇಗದಲ್ಲಿ ಸಾಗುವ ಬೆಲ್ಟಿನ ಮೇಲೂ ಅಷ್ಟೇ. ದೇಹವನ್ನು ಪ್ರತಿ ಹೆಜ್ಜೆಗೂ ನೀವೇ ಎತ್ತಬೇಕು, ನೀವೇ ಇಳಿಸಬೇಕು. ಇಲ್ಲಿ ಕಡಿಮೆಯಾಗುವುದು ಎದುರುಗಾಳಿ ಒಂದೇ. ಅದನ್ನೂ ಅಳೆದು ನೋಡಿದ್ದಾರೆ. 1996ರಲ್ಲಿ ಜೋನ್ಸ್ ಮತ್ತು ಡೌಸ್ಟ್ ಎಂಬ ಇಬ್ಬರು ಸಂಶೋಧಕರು, ಟ್ರೆಡ್‌ಮಿಲ್ಲಿಗೆ 1% ಏರು ಕೊಟ್ಟರೆ ಹೊರಗೆ ಓಡಿದಷ್ಟೇ ಶಕ್ತಿ ಖರ್ಚಾಗುತ್ತದೆ ಅಂತ ತೋರಿಸಿದರು. ಅದೂ ಗಂಟೆಗೆ 10-11 ಕಿಲೋಮೀಟರಿಗಿಂತ ಜೋರಾಗಿ ಓಡುವವರ ಮಾತು. ಕಿಲೋಮೀಟರಿಗೆ ಏಳು ನಿಮಿಷ ತೆಗೆದುಕೊಳ್ಳುವ ನಮ್ಮಂಥವರು ಸೀಳಿಕೊಂಡು ಹೋಗುವ ಗಾಳಿ ಎಷ್ಟು ಮಹಾ? (ಆ ಹಿರಿಯರದ್ದೂ ಅದೇ ವೇಗ. ಬೇಡ ಬಿಡಿ.)

ಇನ್ನು ನನ್ನ ವಿಷಯ. ರಸ್ತೆಯಲ್ಲಿ ಓಡುವಾಗ ನಾಯಿ ಕಚ್ಚಿ, ಇಂಜೆಕ್ಷನ್ ಚುಚ್ಚಿಸಿಕೊಂಡ ಮೇಲೆ ನಾನು ಒಳಗೆ ಓಡಲು ಶುರು ಮಾಡಿದೆ. ಗುಂಪಿನವರಿಗೆಲ್ಲ ಗೊತ್ತಿರುವ ಆ ಕತೆ ಮತ್ತೆ ಬೇಡ. ನಾಯಿ ಇಲ್ಲದಿದ್ದರೂ ನಮ್ಮ ರಸ್ತೆಯಲ್ಲಿ ಬೆಳಗಿನ ಜಾವ ಬೀದಿದೀಪ ಇರುವುದಿಲ್ಲ. ಫುಟ್‌ಪಾತ್ ಅಗೆದು ಕಲ್ಲುಚಪ್ಪಡಿ ಪಕ್ಕಕ್ಕೆ ಇಟ್ಟು ಹೋದವರು ಇನ್ನೂ ಬಂದಿಲ್ಲ. "ಕಬ್ಬನ್ ಪಾರ್ಕಿಗೆ ಬಂದುಬಿಡಿ, ಎಷ್ಟು ಚೆನ್ನಾಗಿದೆ" ಅನ್ನುತ್ತಾರೆ. ಚೆನ್ನಾಗಿದೆ, ಯಾರು ಇಲ್ಲ ಅಂದರು? ನಾನಿರುವುದು ಕೆಂಗೇರಿಯ ಆಚೆ. ಹೋಗಿ, ಓಡಿ, ವಾಪಸ್ ಬರುವಷ್ಟರಲ್ಲಿ ಮಗಳ ಸ್ಕೂಲ್ ವ್ಯಾನ್ ಹೋಗಿರುತ್ತದೆ, ಡಬ್ಬಿ ಖಾಲಿಯಾಗೇ ಇರುತ್ತದೆ. ಓಡಿ ಬಂದ ಕೂಡಲೇ ಟೇಬಲ್ ಮೇಲೆ ಬಿಸಿ ಉಪ್ಪಿಟ್ಟು ಕಾಣುವ ಗಂಡಸರಿಗೆ ಈ ಲೆಕ್ಕ ಹೇಗೆ ಗೊತ್ತಾಗಬೇಕು?

ಸರಿ, ದೊಡ್ಡವರ ಉದಾಹರಣೆಯೇ ಬೇಕು ಅಂದರೆ ತಗೊಳ್ಳಿ. ಕ್ರಿಸ್ಟೀನ್ ಕ್ಲಾರ್ಕ್. ಅಮೆರಿಕದ ಅಲಾಸ್ಕಾದ ಆಂಕರೇಜ್ ಊರಿನ ಪೆಥಾಲಜಿ ಡಾಕ್ಟರು, ಇಬ್ಬರು ಗಂಡುಮಕ್ಕಳ ತಾಯಿ. ಅಲ್ಲಿನ ಚಳಿಗಾಲ ಅಂದರೆ ಹೊರಗೆ ಹಿಮ, ಮಂಜುಗಡ್ಡೆ, ಹಗಲಲ್ಲೂ ಅರೆಗತ್ತಲು. ಹಾಗಾಗಿ ಆಕೆ ಮನೆಯ ಟ್ರೆಡ್‌ಮಿಲ್ ಮೇಲೇ ಬಹುಪಾಲು ತಯಾರಿ ಮಾಡಿಕೊಂಡು, 2000ದ ಫೆಬ್ರವರಿಯಲ್ಲಿ ದಕ್ಷಿಣ ಕೆರೊಲಿನಾದ ಕೊಲಂಬಿಯಾದಲ್ಲಿ ನಡೆದ ಒಲಿಂಪಿಕ್ ಆಯ್ಕೆ ಮ್ಯಾರಥಾನಿಗೆ ಹೋದರು. ಆಕೆಯ ಹೆಸರನ್ನು ಯಾರೂ ಗಣನೆಗೇ ತಗೊಂಡಿರಲಿಲ್ಲ. ಅವತ್ತು ಸೆಕೆ ಬೇರೆ. ಗೆಲ್ಲುತ್ತಾರೆ ಅಂದುಕೊಂಡಿದ್ದವರು ಸುಸ್ತಾದರು. ಈಕೆ 2 ಗಂಟೆ 33 ನಿಮಿಷ 31 ಸೆಕೆಂಡಿನಲ್ಲಿ ಮುಗಿಸಿ ಮೊದಲು ಬಂದರು. ಆ ವರ್ಷ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅಮೆರಿಕದಿಂದ ಮ್ಯಾರಥಾನ್ ಓಡಿದ ಒಬ್ಬಳೇ ಹೆಣ್ಣುಮಗಳು ಆಕೆ. ಅಲ್ಲಿ ಇನ್ನೂ ಬೇಗ ಓಡಿ 19ನೆಯವರಾದರು. ಆ ಕಿಲೋಮೀಟರುಗಳೂ ಲೆಕ್ಕಕ್ಕಿಲ್ಲವಾ ಸರ್?

ನಿಜ ಹೇಳಲಾ? ನನಗೇನೂ ಈ ಯಂತ್ರದ ಮೇಲೆ ಪ್ರೀತಿ ಇಲ್ಲ. 1818ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಇದರ ಮೂಲಪುರುಷನನ್ನು ಕಟ್ಟಿದ್ದೇ ಜೈಲಿನ ಕೈದಿಗಳನ್ನು ತುಳಿಸಲು, ಶಿಕ್ಷೆಯಾಗಿ. ಓಡುವಾಗ ಅದು ನನಗೆ ಆಗಾಗ ನೆನಪಾಗುತ್ತದೆ. ಕಣ್ಣೆದುರು ಗೋಡೆ, ಗೋಡೆ ಮೇಲೆ ಸಹಕಾರಿ ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರ್. ಪರದೆಯ ಮೇಲಿನ ಅಂಕಿ ನೋಡಿದಷ್ಟೂ ನಿಧಾನ ಓಡುತ್ತದೆ ಅಂತ ಟವೆಲ್ ಮುಚ್ಚಿಡುತ್ತೇನೆ. ಆಮೇಲೆ ಬೆವರು ಒರೆಸಲು ಅದೇ ಟವೆಲ್ ಎತ್ತಬೇಕು, ಅಂಕಿ ಕಂಡೇ ಬಿಡುತ್ತದೆ: 3.2. ನನ್ನ ಲೆಕ್ಕದಲ್ಲಿ ಐದಾದರೂ ಆಗಿರಬೇಕಿತ್ತು. ನಮ್ಮತ್ತೆ ದೇವರಿಗೆ ಹೂ ಮುಡಿಸುತ್ತ ಒಮ್ಮೆ ಇಣುಕಿ ನೋಡಿ, "ಎಲ್ಲಿ ತನಕ ಬಂದೆಯಮ್ಮ?" ಅಂತ ಕೇಳುತ್ತಾರೆ. "ಬಿಡದಿ ದಾಟಿದೆ ಅತ್ತೆ" ಅನ್ನುತ್ತೇನೆ. ನಮ್ಮ ಗುಂಪಿಗಿಂತ ಅವರೇ ವಾಸಿ, ಕೊನೇ ಪಕ್ಷ ದೂರ ಒಪ್ಪಿಕೊಳ್ಳುತ್ತಾರೆ.

ಸುಲಭವಂತೆ! ಹೊರಗೆ ನೀವು ಓಡಿದರೆ ಗಾಳಿ ಮೈಗೆ ತಾಗಿ ಬೆವರು ಆರುತ್ತದೆ. ಇದ್ದಲ್ಲೇ ಓಡುವವಳಿಗೆ ಆ ಗಾಳಿಯೂ ಇಲ್ಲ. ಫ್ಯಾನ್ ಹಾಕದಿದ್ದರೆ ಅದೇ ವೇಗಕ್ಕೆ ಎದೆಬಡಿತ ಏರುತ್ತಲೇ ಹೋಗುತ್ತದೆ, ಮ್ಯಾಟ್ ಮೇಲೆ ತೊಟ್ಟಿಕ್ಕಿದ್ದನ್ನು ಆಮೇಲೆ ನೆಲ ಒರೆಸುವ ಬಟ್ಟೆಯಲ್ಲೇ ಒರೆಸಬೇಕು. ನನ್ನ ಯಂತ್ರ 99 ನಿಮಿಷ ಆದ ಕೂಡಲೇ ತಾನೇ ನಿಂತುಬಿಡುತ್ತದೆ, ಅದನ್ನು ಮಾಡಿದವರಿಗೆ ಇದಕ್ಕಿಂತ ಜಾಸ್ತಿ ಓಡುವ ಹುಚ್ಚರು ಇರುತ್ತಾರೆ ಅಂತ ಹೊಳೆದೇ ಇಲ್ಲ. ಮತ್ತೆ ಸೊನ್ನೆಯಿಂದ ಶುರು. ಮಧ್ಯೆ ಕರೆಂಟ್ ಹೋದರೆ ಮನೆಯ ಯುಪಿಎಸ್ ಈ ಮೋಟಾರಿನ ಭಾರ ಹೊರುವುದಿಲ್ಲ, ಬೆಲ್ಟ್ ಗಕ್ಕನೆ ನಿಲ್ಲುತ್ತದೆ, ಓಡಿದ ದೂರ ಅಳಿಸಿಹೋಗುತ್ತದೆ. ಲಾಲ್‌ಬಾಗಿನಲ್ಲಿ ಕರೆಂಟ್ ಹೋಗಿ ಯಾರ ಓಟವಾದರೂ ನಿಂತಿದೆಯಾ?

ಹಾಗಂತ ಎಲ್ಲ ಇಲ್ಲೇ ಸಿಗುತ್ತದೆ ಅಂತಲೂ ನಾನು ಹೇಳುವುದಿಲ್ಲ. ಇಳಿಜಾರು ಸಿಗುವುದಿಲ್ಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ತಿನ್ನುವ ಪೆಟ್ಟು ಬೆಲ್ಟಿನ ಮೇಲೆ ಗೊತ್ತೇ ಆಗುವುದಿಲ್ಲ. ತಿರುವಿಲ್ಲ, ಉಬ್ಬುತಗ್ಗಿಲ್ಲ. ಮಲೆನಾಡಿನ ಕಾಡುದಾರಿಯ ಓಟಕ್ಕೆ ಬರೀ ಇದನ್ನು ನಂಬಿ ಹೊರಟರೆ ಪಾದ ಉಳುಕುವುದು ಖಂಡಿತ. ಅದಕ್ಕೇ ತಾನೇ ನಾವು ಭಾನುವಾರ ರಸ್ತೆಗೆ ಬರುವುದು? ವಾರವಿಡೀ ಟ್ರೆಡ್‌ಮಿಲ್ ಮೇಲೆ ತಯಾರಾದ ಕಾಲು ತಾನೇ ಭಾನುವಾರ ನಿಮ್ಮ ಪಕ್ಕದಲ್ಲಿ ಓಡಿದ್ದು? ಆಗ ನಿಮಗೆ ವ್ಯತ್ಯಾಸ ಗೊತ್ತಾಯಿತಾ? ಇಲ್ಲವಲ್ಲ.

ಇನ್ನೊಂದು ಮಾತು. ಈ ಗುಂಪಿನ ಅರ್ಧ ಜನ ಜನವರಿಯ ಮುಂಬೈ ಮ್ಯಾರಥಾನಿಗೆ ಹೆಸರು ಕೊಟ್ಟಿದ್ದಾರೆ. ಅಲ್ಲಿ ಕಾಲು ಸೋತು, ನಿಂತುಬಿಡೋಣ ಅನ್ನಿಸುವ ಹೊತ್ತಿಗೆ ಪೆದ್ದರ್ ರೋಡಿನ ಏರು ಬರುತ್ತದೆ. ಅದಕ್ಕೆ ತಯಾರಾಗಲು ಇವರು ಕಾರಿನಲ್ಲಿ ನಂದಿಬೆಟ್ಟಕ್ಕೆ ಹೋಗುತ್ತಾರೆ, ಸೆಲ್ಫಿ ಹಾಕುತ್ತಾರೆ. ನಾನು ದೂರದ ಓಟದ ಕೊನೆಗೆ, ಕಾಲು ಬತ್ತಿಹೋದ ಮೇಲೆ, ಒಂದು ಗುಂಡಿ ಒತ್ತಿ 4% ಏರು ಹಾಕಿಕೊಳ್ಳುತ್ತೇನೆ. ಫ್ಯಾನ್ ಆರಿಸಿದರೆ ಮುಂಬೈಯ ಧಗೆಯೂ ಉಚಿತ. ಇದು ಮೋಸವಾದರೆ, ವೇಗ ಹೆಚ್ಚಲಿ ಅಂತ ಅಡಿಯಲ್ಲಿ ಕಾರ್ಬನ್ ಪ್ಲೇಟ್ ಇಟ್ಟ ಹದಿನೆಂಟು ಸಾವಿರದ ಶೂ ಏನು, ತಪಸ್ಸಾ?

ಕೆಳಗೆ ಕಾಮೆಂಟಿನಲ್ಲಿ "ಆದರೂ ಮೇಡಂ, ಪ್ರಕೃತಿಯ ಮಡಿಲಲ್ಲಿ ಓಡುವ ಸುಖವೇ ಬೇರೆ" ಅಂತ ಬರೆಯಲು ಬೆರಳು ಮಸೆಯುತ್ತಿರುವವರಿಗೆ ಒಂದು ಆಹ್ವಾನ. ಶನಿವಾರ ಬೆಳಗ್ಗೆ ನಮ್ಮನೆಗೆ ಬನ್ನಿ. ಎರಡು ಗಂಟೆ ಆ ಕ್ಯಾಲೆಂಡರ್ ನೋಡಿಕೊಂಡು ಓಡಿ. ಕಾಫಿ ಕೊಡುತ್ತೇನೆ. ಬೆವರು ಮಾತ್ರ ನೀವೇ ಒರೆಸಿ ಹೋಗಬೇಕು, ನಮ್ಮ ಕೆಲಸದ ನಿಂಗಮ್ಮ ಶನಿವಾರ ಬರುವುದಿಲ್ಲ.