ಮೂವತ್ತು ಪಾಯಿಂಟಿನ ವ್ರತ

ಮುಂಬೈ ಸುತ್ತಿನ ಡೊಂಬಿವಲಿ, ಭಾಂಡುಪ್, ಮೀರಾ ರೋಡ್ ಕಡೆಯ ನಮ್ಮ ಕನ್ನಡದ ಡಾಕ್ಟ್ರುಗಳ ಶಟರಿನ ಮೇಲೆ ಒಮ್ಮೊಮ್ಮೆ ಸಾಲಾಗಿ ನಾಲ್ಕೈದು ಭಾನುವಾರ 'ಇಂದು ದವಾಖಾನೆ ಬಂದ್' ಎಂಬ ಚೀಟಿ ತೂಗುತ್ತದೆ. ಊರಲ್ಲಿ ಕೋಲವೋ ನಾಗಮಂಡಲವೋ ಇರಬೇಕು, ಹೋಗಿದ್ದಾರೆ ಎಂದು ರೋಗಿಗಳು ತಿಳಿಯುತ್ತಾರೆ. ಹಾಗಲ್ಲ. ಡಾಕ್ಟ್ರು ವ್ರತದಲ್ಲಿದ್ದಾರೆ.

ವ್ರತದ ಹೆಸರು ಸಿಎಂಇ, ಅಂದರೆ ನಿರಂತರ ವೈದ್ಯಕೀಯ ಶಿಕ್ಷಣ. ಫಲ, ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲಿನಲ್ಲಿ ನೋಂದಣಿಯ ನವೀಕರಣ. ನೇಮ, 5 ವರ್ಷಕ್ಕೆ 30 ಕ್ರೆಡಿಟ್ ಪಾಯಿಂಟ್. ವೈದ್ಯರ ನಡತೆಯ 2002ರ ನಿಯಮಾವಳಿಯಲ್ಲೇ ಇದರ ಬೀಜ ಇದೆ: ವೈದ್ಯನಾದವನು 5 ವರ್ಷಕ್ಕೆ ಕನಿಷ್ಠ 30 ಗಂಟೆ ಕಲಿಯತಕ್ಕದ್ದು. 30 ಗಂಟೆ ಎಂದರೆ 1800 ನಿಮಿಷ. 5 ವರ್ಷ ಎಂದರೆ ಅಧಿಕ ದಿನ ಸೇರಿ 1826 ದಿನ. ಭಾಗಿಸಿ ನೋಡಿ, ದಿನಕ್ಕೆ ಪೂರ್ತಿ ಒಂದು ನಿಮಿಷವೂ ಬೀಳುವುದಿಲ್ಲ. ಇದಕ್ಕೆ 'ನಿರಂತರ' ಎಂದು ಹೆಸರಿಟ್ಟ ಪುಣ್ಯಾತ್ಮರು ಯಾರೋ! ತಲೆ ಬಾಚಿಕೊಳ್ಳಲು ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಕೂದಲು ಕಮ್ಮಿ ಇದ್ದವರಿಗೂ.

ನೋಂದಣಿ ಮುಗಿಯಲು ಮೂರು ತಿಂಗಳಿರುವಾಗ ಡಾಕ್ಟ್ರು ಡ್ರಾಯರ್ ಎಳೆದು ಸರ್ಟಿಫಿಕೇಟು ಎಣಿಸುತ್ತಾರೆ. ನಾಲ್ಕು ಮುಕ್ಕಾಲು ವರ್ಷದ ಗಳಿಕೆ ಹನ್ನೊಂದು. ಇನ್ನು ಹತ್ತೊಂಬತ್ತು ಆಗಬೇಕು. ಅಲ್ಲಿಗೆ ಯಾವ ವಿಷಯ ಕಲಿಯಬೇಕು ಎಂಬ ಪ್ರಶ್ನೆಯೇ ಮುಗಿಯಿತು, ಸಿಕ್ಕಿದ್ದೇ ಪಂಚಾಮೃತ. ಹತ್ತಕ್ಕೆ ಹನ್ನೆರಡರ ಖೋಲಿಯಲ್ಲಿ ದಿನವಿಡೀ ಜ್ವರ, ಭೇದಿ, ಉಬ್ಬಸ ನೋಡುವವರು ರೋಬೋಟಿನಿಂದ ಮಂಡಿ ಬದಲಿಸುವ ವಿಧಾನ ಕೇಳಲು ಹೊರಡುತ್ತಾರೆ. ತೊಡೆಸಂದಿಯ ರಕ್ತನಾಳದ ಮೂಲಕ ಹೃದಯದ ಕವಾಟ ಕೂರಿಸುವ ಕಲೆಯನ್ನೂ ಕೇಳಿ ಬರುತ್ತಾರೆ. ಕೂರಿಸುವುದಕ್ಕಲ್ಲ, ಕುಳಿತು ಬರುವುದಕ್ಕೆ.

ಸಂಕಲ್ಪ ಮಾಡಿಸುವ ಪುರೋಹಿತ ಎಂಆರ್, ಅಂದರೆ ಔಷಧಿ ಕಂಪನಿಯ ಪ್ರತಿನಿಧಿ.

"ಡಾಕ್ಟ್ರೇ, ಈ ಭಾನುವಾರ ಅಂಧೇರಿಯಲ್ಲಿ ಸಿಎಂಇ ಉಂಟು. ನಿಮ್ಮ ಹೆಸರು ಬರೆದಾಯ್ತು."

"ವಿಷಯ ಎಂಥದು ಮಾರಾಯ?"

"ಎರಡು ಪಾಯಿಂಟ್, ಡಾಕ್ಟ್ರೇ."

ಪ್ರಶ್ನೆಗೆ ಇಷ್ಟು ನಿಖರವಾದ ಉತ್ತರ ಆ ಭಾನುವಾರ ಇನ್ನೆಲ್ಲೂ ಸಿಗುವುದಿಲ್ಲ.

ಪುಣ್ಯಕ್ಷೇತ್ರಕ್ಕೆ ಹೋಗುವವನಿಗೆ ದಾರಿಯಲ್ಲಿ ಕಷ್ಟ ಇರಲೇಬೇಕು. ಅದನ್ನು ಸೆಂಟ್ರಲ್ ರೈಲ್ವೆ ನೋಡಿಕೊಳ್ಳುತ್ತದೆ. ಭಾನುವಾರ ಎಂದರೆ ಹಳಿ ರಿಪೇರಿಯ ಮೆಗಾ ಬ್ಲಾಕ್. ಮಾಟುಂಗಾ-ಮುಲುಂಡ್ ನಡುವೆ ಫಾಸ್ಟ್ ಗಾಡಿಗಳೆಲ್ಲ ಸ್ಲೋ ಹಳಿಗೆ ಇಳಿಯುತ್ತವೆ. ಡೊಂಬಿವಲಿಯಲ್ಲಿ ಹತ್ತಿದವರು ಘಾಟ್ಕೋಪರಿನಲ್ಲಿ ಇಳಿದು, ಮೆಟ್ರೋ ಹಿಡಿದು, ಅಂಧೇರಿ ಸೇರಿ, ಅಲ್ಲಿಂದ ರಿಕ್ಷಾದಲ್ಲಿ ಹೋಟೆಲಿನ ಬಾಗಿಲು ಮುಟ್ಟುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿರುತ್ತದೆ. ಈ ಒಂದೂವರೆ ಗಂಟೆಯಲ್ಲಿ ಕಿಟಕಿ ಪಕ್ಕ ಕೂತು ಒಂದು ಮಾರ್ಗಸೂಚಿಯನ್ನು ಮೊದಲಿನಿಂದ ಕೊನೆತನಕ ಓದಿದರೆ? ಪಾಯಿಂಟ್ ಇಲ್ಲ. ಕಲಿಯುವಾಗ ಯಾರಾದರೂ ನೋಡುತ್ತಿರಬೇಕು.

ನೋಡುವುದಕ್ಕೆಂದೇ ಕೌನ್ಸಿಲಿನ ಅಬ್ಸರ್ವರ್ ಬರುತ್ತಾರೆ. ಯಾರು ಒಳಗೆ ಬಂದರು, ಎಷ್ಟು ಹೊತ್ತಿಗೆ ಹೊರಗೆ ಹೋದರು, ರುಜುವಿನ ಪಟ್ಟಿ ಸರಿ ಉಂಟೋ, ಇದು ಅವರ ಕೆಲಸ. ಒಳಗೆ ಬಂದವನ ತಲೆಯೊಳಗೆ ಏನು ಹೋಯಿತು ಎಂಬುದಕ್ಕೆ ಪಟ್ಟಿಯಲ್ಲಿ ಕಾಲಮ್ಮೇ ಇಲ್ಲ. ಕುರ್ಚಿಯಲ್ಲಿ ದೇಹ ಇದ್ದರೆ ಸಾಕು. ಮರಣೋತ್ತರ ಪರೀಕ್ಷೆಗೂ ಇಷ್ಟೇ ಅರ್ಹತೆ.

ಮೂರು ಗಂಟೆಯ ಪೂಜೆ, ಅಂದರೆ 180 ನಿಮಿಷ. ಇಡ್ಲಿ-ಉಪ್ಪಿಟ್ಟು, ಹಳೆಯ ಗೆಳೆಯರ ಮಾತುಕತೆ 35. ದೀಪ ಹಚ್ಚಲು 10, ಏಕೆಂದರೆ ಏಸಿಯ ಗಾಳಿಗೆ ಬತ್ತಿ ನಿಲ್ಲುವುದಿಲ್ಲ. ಕರ್ಪೂರ ಇಟ್ಟು, ಎಂಆರ್ ಲೈಟರ್ ಹಿಡಿದು, ಐದು ಜನ ಕೈ ಅಡ್ಡ ಕೊಟ್ಟು ಫೋಟೋ ಮುಗಿಯುವವರೆಗೆ ಅದನ್ನು ಬದುಕಿಸಬೇಕು. ಅಂದಿನ ಏಕೈಕ ತುರ್ತು ಚಿಕಿತ್ಸೆ ಅದೇ. ಸ್ವಾಗತ 15. ಆರು ಮಂದಿ ಅಧ್ಯಕ್ಷರಿಗೆ ಶಾಲು, ಹೂಗುಚ್ಛ, ಫಲಕ 20. ಪ್ರಾಯೋಜಕರ ಕಿರುಚಿತ್ರ 10. ಅರ್ಧ ಹೊತ್ತು ಹೋಯಿತು. ಉಳಿದ ತೊಂಬತ್ತರಲ್ಲಿ 25 ನಿಮಿಷದ ಮೂರು ಉಪನ್ಯಾಸ, ಪ್ರಶ್ನೋತ್ತರಕ್ಕೆ 15. ಮೊದಲ ಉಪನ್ಯಾಸಕರೇ ಆ ಹದಿನೈದನ್ನು ತಿಂದು ಮುಗಿಸಿರುವುದರಿಂದ, 'ಸಮಯದ ಅಭಾವವಿದೆ, ಪ್ರಶ್ನೆಗಳನ್ನು ಊಟದ ಹೊತ್ತಿಗೆ ಕೇಳಿ' ಎಂದು ಮೈಕಿನಲ್ಲಿ ಹೇಳುತ್ತಾರೆ. ಊಟದ ಹೊತ್ತಿಗೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ, ನೀರ್ದೋಸೆಯ ಕೌಂಟರ್ ಯಾವ ಕಡೆ.

ಉಪನ್ಯಾಸಕರು ದೊಡ್ಡ ಆಸ್ಪತ್ರೆಯವರು. 84 ಸ್ಲೈಡು, ಮೂರನೆಯ ಸಾಲಿನಿಂದಾಚೆಗೆ ಕಾಣದ ಅಕ್ಷರ. ಎರಡನೆಯ ಸ್ಲೈಡು ತಮಗೆ ಯಾವ ಯಾವ ಕಂಪನಿಯ ಸಂಬಂಧ ಇದೆಯೆಂದು ಒಪ್ಪಿಕೊಳ್ಳುವುದು, ಅದು ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ದಾಟುತ್ತದೆ. ಔಷಧಿಯನ್ನು ಜನರಿಕ್ ಹೆಸರಿನಲ್ಲೇ ಹೇಳುತ್ತಾರೆ, ಆಣೆಗೂ ಬ್ರ್ಯಾಂಡ್ ಎತ್ತುವುದಿಲ್ಲ. ಬ್ರ್ಯಾಂಡ್ ಅವರ ಹಿಂದಿನ ಪರದೆಯಲ್ಲಿ, ಮೈಕಿನ ಪೆಟ್ಟಿಗೆಯಲ್ಲಿ, ಕೇಳುವವರ ಕೊರಳಿನ ಪಟ್ಟಿಯಲ್ಲಿ, ಬರೆಯುವ ಪೆನ್ನಿನಲ್ಲಿ ಇರುತ್ತದೆ. ಕೊನೆಯ ಸ್ಲೈಡಿನಲ್ಲಿ ಮನೆಗೆ ಒಯ್ಯಬೇಕಾದ ಸಂದೇಶ: 'ಬೇಗ ಕಳಿಸಿ'. ಎಲ್ಲಿಗೆ ಎಂಬುದಕ್ಕೆ ಕೆಳಗೆ ಫೋನ್ ನಂಬರ್.

ಪ್ರಸಾದ ಬಿಟ್ಟು ಓಡಿದ ಕಲಾವತಿಯ ಗಂಡನ ದೋಣಿ ಮುಳುಗಿದ್ದು ಎಲ್ಲರಿಗೂ ಗೊತ್ತು. ಸಂಘಟಕರಿಗೆ ಇನ್ನೂ ಚೆನ್ನಾಗಿ ಗೊತ್ತು. ಆದ್ದರಿಂದಲೇ ಹೊರಹೋಗುವ ರುಜುವಿನ ಮೇಜನ್ನು ಊಟದ ಹಾಲಿನ ಬಾಗಿಲಲ್ಲಿ ಇಟ್ಟಿರುತ್ತಾರೆ.

ಈಗ ದವಾಖಾನೆಗೆ ಬನ್ನಿ. ಮೇಜಿನ ಮೇಲೆ ಬಿಪಿ ಯಂತ್ರ. ಅದಕ್ಕೆ ಒಂದೇ ಕಫ್, ಅಂದರೆ ತೋಳಿಗೆ ಸುತ್ತುವ ಪಟ್ಟಿ. ತೆಳ್ಳಗಿನ ಅಜ್ಜಿಗೂ ಅದೇ, ಹೋಟೆಲಿನ ಗಲ್ಲೆಯಲ್ಲಿ ಇಪ್ಪತ್ತು ವರ್ಷ ಕೂತ ಶೇಠ್‌ಗೂ ಅದೇ. ಕಫ್ ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ 80 ಶೇಕಡಾವನ್ನಾದರೂ ಸುತ್ತಬೇಕು. ದಪ್ಪ ತೋಳಿಗೆ ಸಣ್ಣ ಕಫ್ ಕಟ್ಟಿದರೆ ಇಲ್ಲದ ಬಿಪಿ ಹುಟ್ಟುತ್ತದೆ. ರೋಗಿ ಅರ್ಧ ಗಂಟೆಯೊಳಗೆ ಚಹಾ ಕುಡಿದಿರಬಾರದು, ತಂಬಾಕು ಹಾಕಿರಬಾರದು, ಮೂತ್ರ ಕಟ್ಟಿಕೊಂಡು ಕೂತಿರಬಾರದು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ಕಾಲ ಮೇಲೆ ಕಾಲಿಲ್ಲ, ತೋಳು ಎದೆಯ ಮಟ್ಟಕ್ಕೆ, ಐದು ನಿಮಿಷ ಮೌನ. ಆಮೇಲೆ ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳತೆ, ಎರಡರ ಸರಾಸರಿ. ನಡೆಯುವುದು ಹೀಗೆ: ಬೆನ್ನಾಸರೆಯಿಲ್ಲದ ಸ್ಟೂಲು, ಅಂಗಿಯ ತೋಳಿನ ಮೇಲೆಯೇ ಕಫ್, ಗಾಳಿ ಇಳಿಯುವಾಗ "ಮಗಳ ಮದುವೆ ಎಲ್ಲಿಗೆ ಬಂತು ಶೆಟ್ರೇ?" ಎಂದು ಪ್ರಶ್ನೆ. 150 ಬರುತ್ತದೆ, ಬರದೆ ಏನು? ಮದುವೆಯ ಖರ್ಚೂ ಅದರಲ್ಲಿ ಸೇರಿದೆ. ಆ ಅಂಕಿಯ ಮೇಲೆ ಜೀವನಪೂರ್ತಿ ಮಾತ್ರೆ ಶುರು.

ಇದನ್ನು ಕಲಿಸಲು ಒಂದು ಟೇಪು, ಮೂರು ಅಳತೆಯ ಕಫ್, ಇಪ್ಪತ್ತು ನಿಮಿಷ ಸಾಕು. ಕಲಿಸುವವರಿಲ್ಲ. ಬಿಪಿ ಮಾತ್ರೆಗೆ ಕಂಪನಿಗಳಿವೆ, ಸರಿಯಾಗಿ ಅಳೆದು ಮಾತ್ರೆ ಬೇಡವೆನ್ನುವುದಕ್ಕೆ ಕಂಪನಿ ಎಲ್ಲಿದೆ? ಕಫದ ಮೇಲೆ ಮಳೆಗಾಲ ಪೂರ್ತಿ ಸಿಎಂಇ ನಡೆಯುತ್ತದೆ, ಕಫ್ ಮೇಲೆ ಒಂದೂ ಇಲ್ಲ. ಸಂಘದ ಉಚಿತ ಶಿಬಿರದಲ್ಲಿ ಇದೇ ಡಾಕ್ಟ್ರು ಬೆಳಿಗ್ಗಿನಿಂದ ಮಧ್ಯಾಹ್ನದವರೆಗೆ ನೂರೈವತ್ತು ಜನರ ಬಿಪಿ ನೋಡುತ್ತಾರೆ. ಅದಕ್ಕೆ ಸಿಗುವುದು ಒಂದು ತೆಂಗಿನಕಾಯಿ, ಒಂದು ಶಾಲು. ಶಾಲಿಗೆ ಪಾಯಿಂಟ್ ಇಲ್ಲ.

ಎದೆಯುರಿ ಎಂದು ಬರುವ ಹೋಟೆಲ್ ಭಟ್ಟರದೂ ಇದೇ ಕಥೆ. "ಗ್ಯಾಸ್ ಡಾಕ್ಟ್ರೇ, ರಾತ್ರಿ ಬಟಾಟೆವಡೆ ತಿಂದದ್ದು." ಮೈಯೆಲ್ಲ ಬೆವರು, ಎಡತೋಳು ಭಾರ. ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು, ಶಂಕೆ ಬಂದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿಸಬೇಕು, ನುಂಗಿಸುವುದಲ್ಲ. ಖೋಲಿಯಲ್ಲಿ ಇಸಿಜಿ ಯಂತ್ರವಿಲ್ಲ. ಆದರೆ ಕವಾಟ ಕೂರಿಸುವ ಕಲೆಯ ಸರ್ಟಿಫಿಕೇಟು ಗೋಡೆಯಲ್ಲಿದೆ. ಭಟ್ಟರು ಆಂಟಾಸಿಡ್ ಕುಡಿದು ಅದನ್ನು ನೋಡುತ್ತ ಕೂರಬಹುದು.

ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಇಂಜೆಕ್ಷನ್ ಕೊಟ್ಟ ಮೇಲೆ ಬರುವುದು. ನೋವಿಗೆಂದು ಡೈಕ್ಲೋಫೆನಾಕ್ ಚುಚ್ಚಿದ್ದಾರೆ, ಎರಡು ನಿಮಿಷಕ್ಕೆ ಮೈ ತುಂಬ ದದ್ದು, ಗಂಟಲು ಬಿಗಿತ, ಉಸಿರು ಸುಯ್ ಸುಯ್, ನಾಡಿ ಸಿಗುತ್ತಿಲ್ಲ. ಅನಾಫಿಲ್ಯಾಕ್ಸಿಸ್, ಜೀವಕ್ಕೇ ಕುತ್ತು ತರುವ ಅಲರ್ಜಿ. ಡಾಕ್ಟ್ರ ಕೈ ಅಭ್ಯಾಸಬಲದಿಂದ ಅಲರ್ಜಿಯ ಮದ್ದು ಏವಿಲ್ ಕಡೆಗೂ ಸ್ಟೀರಾಯ್ಡಾದ ಡೆಕ್ಸಾ ಕಡೆಗೂ ಹೋಗುತ್ತದೆ. ಏವಿಲ್ ತುರಿಕೆ ಇಳಿಸೀತು, ಬಿದ್ದ ಬಿಪಿಯನ್ನು ಎತ್ತುವುದಿಲ್ಲ. ಸ್ಟೀರಾಯ್ಡ್ ಕೆಲಸಕ್ಕಿಳಿಯಲು ಗಂಟೆಗಳು ಬೇಕು, ರೋಗಿಯ ಕೈಯಲ್ಲಿರುವುದು ನಿಮಿಷಗಳು. ಮೊದಲು ಬೇಕಾದದ್ದು ಅಡ್ರಿನಲಿನ್: 1:1000ರದ್ದು, ದೊಡ್ಡವರಿಗೆ ಅರ್ಧ ಎಂಎಲ್, ತೊಡೆಯ ನಡುಭಾಗದ ಹೊರಮಗ್ಗುಲಿನ ಸ್ನಾಯುವಿಗೆ. ತೋಳಿಗಲ್ಲ, ಚರ್ಮದಡಿಗಲ್ಲ, ಗಾಬರಿಯಲ್ಲಿ ರಕ್ತನಾಳಕ್ಕಂತೂ ಅಲ್ಲ. ಮಲಗಿಸಿ ಕಾಲು ಮೇಲೆತ್ತಬೇಕು, ಉಸಿರಿಗೆ ಕಷ್ಟವಾದರೆ ಒರಗಿ ಕೂರಿಸಬಹುದು, ನಿಲ್ಲಿಸಕೂಡದು. ಐದು ನಿಮಿಷಕ್ಕೆ ಸರಿಹೋಗದಿದ್ದರೆ ಇನ್ನೊಂದು ಸಲ.

ಟ್ರೇಯಲ್ಲಿ ಅಡ್ರಿನಲಿನ್ನಿನ ಆಂಪೂಲ್, ಆ ಪುಟ್ಟ ಗಾಜಿನ ಸೀಸೆ, ಇದೆಯೇ? ಇದೆ. ತಾರೀಖು? ಕೊರೋನಾ ಕಾಲದ್ದು. ದ್ರಾವಣ ನೀರಿನಂತೆ ತಿಳಿಯಾಗಿರಬೇಕಾದದ್ದು ಗುಲಾಬಿಗೆ ತಿರುಗಿದೆ, ಬೆಳಕು ಬಿದ್ದು ಕೆಟ್ಟ ಲಕ್ಷಣ ಅದು, ಎಸೆಯಬೇಕು. ಹೊಸ ಆಂಪೂಲಿನ ಬೆಲೆ ಒಂದು ಮಸಾಲೆದೋಸೆಗಿಂತ ಕಮ್ಮಿ. ಇಷ್ಟು ಅಗ್ಗದ ಮದ್ದಿಗೆ ಎಂಆರ್ ಇಲ್ಲ, ಪೆನ್ನಿಲ್ಲ, ಅಂಧೇರಿಯ ಹೋಟೆಲಿಲ್ಲ. ನವೀಕರಣದ ಅರ್ಜಿಯಲ್ಲಿ 30 ಪಾಯಿಂಟಿನ ಸರ್ಟಿಫಿಕೇಟುಗಳ ನಕಲು ಕೇಳುತ್ತಾರೆ, ಆಂಪೂಲಿನ ತಾರೀಖು ಕೇಳುವುದಿಲ್ಲ.

ಸರ್ಕಾರ ಸುಮ್ಮನೆ ಕೂತಿದೆ ಎಂದರೆ ನಾಲಿಗೆ ಹುಳ ಬೀಳುತ್ತದೆ. ಕಂಪನಿಗಳಿಂದ ಉಡುಗೊರೆ, ಪ್ರವಾಸ, ಆತಿಥ್ಯ ಸ್ವೀಕರಿಸಬಾರದೆಂದು ವೈದ್ಯರಿಗೆ 2009ರ ಡಿಸೆಂಬರಿನಲ್ಲೇ ಭಾರತೀಯ ಮೆಡಿಕಲ್ ಕೌನ್ಸಿಲ್ ಹೇಳಿತ್ತು. 2023ರ ಆಗಸ್ಟ್ 2ರಂದು ನ್ಯಾಷನಲ್ ಮೆಡಿಕಲ್ ಕಮಿಷನ್ ಇನ್ನೂ ಮುಂದೆ ಹೋಗಿ, ಔಷಧಿ ಕಂಪನಿ ನೇರವಾಗಿಯೋ ಬಳಸುದಾರಿಯಲ್ಲೋ ದುಡ್ಡು ಹಾಕಿದ ಸೆಮಿನಾರಿಗೆ ವೈದ್ಯರು ಕಾಲಿಡಬಾರದು ಎಂದಿತು. ಆಗಸ್ಟ್ 23ಕ್ಕೆ ಆ ನಿಯಮಾವಳಿಯನ್ನು ತಡೆಹಿಡಿದರು. 21 ದಿನದ ಬದುಕು. ಮಗುವಿನ ಭೇದಿಗೆ ಕೊಡುವ ಜಿಂಕ್ ಕೋರ್ಸ್ 14 ದಿನದ್ದು, ಅದಕ್ಕಿಂತ ಒಂದು ವಾರ ಹೆಚ್ಚು ಬಾಳಿತಲ್ಲ ಎಂದು ಸಮಾಧಾನಪಟ್ಟುಕೊಳ್ಳಬೇಕು. 2024ರ ಮಾರ್ಚ್ 12ರಂದು ಫಾರ್ಮಾಸ್ಯುಟಿಕಲ್ಸ್ ಇಲಾಖೆಯ ಸಂಹಿತೆ ಬಂತು: ವಿದೇಶದಲ್ಲಿ ಸಿಎಂಇ ಇಲ್ಲ, ಬ್ರ್ಯಾಂಡ್ ನೆನಪಿಸಲು ಕೊಡುವ ವಸ್ತು ಒಂದಕ್ಕೆ 1000 ರೂಪಾಯಿ ಮೀರಬಾರದು, ಸ್ಯಾಂಪಲ್ ಒಬ್ಬ ವೈದ್ಯನಿಗೆ ಒಂದು ಮದ್ದಿನದು ವರ್ಷಕ್ಕೆ 12 ಪ್ಯಾಕ್. ಉಲ್ಲಂಘನೆಯ ದೂರು ಬಂದರೆ ವಿಚಾರಿಸುವವರು ಯಾರು? ಕಂಪನಿಗಳ ಸಂಘಗಳೇ ಕಟ್ಟಿಕೊಂಡ ನೀತಿ ಸಮಿತಿ. ಬೇಲಿಯನ್ನೇ ಕರೆದು, ಹೊಲ ಮೇಯುವವರು ಯಾರೆಂದು ನೋಡಿಕೋ ಎಂದಂತೆ.

ಭಾನುವಾರ ಬಿಡಲಾಗದವರಿಗೆ ವೆಬಿನಾರ್ ಉಂಟು, ಅದು ಮಾನಸಪೂಜೆಯ ದಾರಿ. ಫೋನನ್ನು ಕೆಮ್ಮಿನ ಸಿರಪ್ ಬಾಟಲಿಗೆ ಒರಗಿಸಿ, ಸದ್ದು ಅಡಗಿಸಿ, ರೋಗಿಗಳನ್ನು ನೋಡುತ್ತಿರಬಹುದು. ನಡುನಡುವೆ ಪರದೆಯಲ್ಲಿ ಪ್ರಶ್ನೆ ಏಳುತ್ತದೆ, ಆಗ ಮಾತ್ರ ಕೈ ಒರೆಸಿಕೊಂಡು ಒತ್ತಬೇಕು. ಉತ್ತರ ತಿಳಿಯದಿದ್ದರೆ 'ಮೇಲಿನ ಎಲ್ಲವೂ' ಒತ್ತಿ, ತಪ್ಪುವುದು ಅಪರೂಪ. ಕಾಂಪೌಂಡರ್ ಒತ್ತಿದರೂ ನಡೆಯುತ್ತದೆ. ಕೆಲವು ದವಾಖಾನೆಗಳಲ್ಲಿ ಮಧುಮೇಹದ ಇತ್ತೀಚಿನ ಔಷಧಿಗಳ ಬಗ್ಗೆ ಡಾಕ್ಟ್ರಿಗಿಂತ ಕಾಂಪೌಂಡರಿಗೆ ಹೆಚ್ಚು ಪಾಯಿಂಟ್ ಬರಬೇಕಿತ್ತು.

ಸೋಮವಾರ ಸಂಜೆ ಫೋನ್.

"ಡಾಕ್ಟ್ರೇ, ನೀವು ಆವತ್ತು ಕೇಳಿದ್ರಲ್ಲ, ಅನಾಫಿಲ್ಯಾಕ್ಸಿಸ್ ಬಗ್ಗೆಯೇ ಒಂದು ಸಿಎಂಇ ಬಂದಿದೆ."

"ಹೌದಾ! ಒಳ್ಳೇದಾಯ್ತು. ಯಾರು ಮಾಡಿಸುವುದು?"

"ನಮ್ಮ ಕಂಪನಿಯೇ. ಸ್ಟೀರಾಯ್ಡ್ ಡಿವಿಷನ್."

"ಅಡ್ರಿನಲಿನ್ ಬಗ್ಗೆ ಹೇಳ್ತಾರಾ?"

"ಸಮಯ ಉಳಿದ್ರೆ ಹೇಳ್ತಾರೆ, ಡಾಕ್ಟ್ರೇ. ಊಟಕ್ಕೆ ಕೋರಿ ರೊಟ್ಟಿ ಉಂಟು."